ಹಳೇ ಮೈಕಿಗೆ ಹೊಸ ಕೇಬಲ್

ಮೈಕ್ ಬರುವ ಮೊದಲು ಯಕ್ಷಗಾನದ ಭಾಗವತರು ಚಂಡೆಯನ್ನೂ ಮೀರಿ ಏರುದನಿಯಲ್ಲಿ ಹಾಡಬೇಕಿತ್ತು. ಮೈಕ್ ಬಂದಮೇಲೆ ಮೆಲುದನಿಗೂ ರಂಗದಲ್ಲಿ ಜಾಗ ಸಿಕ್ಕಿತು.

ಹೊನ್ನಾವರದ ಗೆಳೆಯರ ಅಟ್ಟದಲ್ಲಿದ್ದುದು ಅಂಥದೊಂದು ಮೈಕು. ಅದರ ಹಿಂಬದಿಗೆ ತಿರುಗಿಸಿ ಬಿಗಿಯುವ, ಮೂರು ತೂತಿನ ಕನೆಕ್ಟರ್ ಬೇಕು. ಭಟ್ಕಳದಿಂದ ಕುಮಟಾವರೆಗೆ ಹುಡುಕಿದರೂ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ‘ಮೈಕನ್ನೇ ಕೊರೆದು ಹೊಸದು ಕೂರಿಸಿ’ ಎಂದರು ಒಬ್ಬರು. ‘ಅಜ್ಜ ಹಾಡಿದ ಮೈಕು, ಕೊರೆಯೂದು ಬ್ಯಾಡ’ ಎಂದರು ಗೆಳೆಯರು.

ಕೊನೆಗೆ ಗುಜರಿಯಲ್ಲಿ ಒಂದು ತುಂಡು ಕೇಬಲ್ ಸಿಕ್ಕಿತು, ತುದಿಯಲ್ಲಿ ಅದೇ ಕನೆಕ್ಟರ್. ಉಪ್ಪುಗಾಳಿಗೆ ಹಿಡಿದ ಹಸಿರು ಕಿಲುಬು ಕೆರೆದೆ. ಮಲ್ಟಿಮೀಟರ್ ಹಿಡಿದರೆ ಮೈಕಿನ ಲೋಹದ ಮೈಗೆ ತಾಗಿದ ಕಡ್ಡಿ ಅರ್ತು, ಉಳಿದೆರಡು ದನಿಯವು. ಜಾಲರಿ ತಂತಿಯನ್ನು ಎಕ್ಸ್‌ಎಲ್‌ಆರ್‌ನ 1ಕ್ಕೆ, ದನಿಯವನ್ನು 2 ಮತ್ತು 3ಕ್ಕೆ ಬೆಸೆದೆ.

ಗೆಳೆಯರು ಮೈಕಿನ ಮುಂದೆ ಕೂತರು. ಹಾಡಲಿಲ್ಲ, ಉಸಿರೆಳೆದರಷ್ಟೆ. ಅದೂ ಕೇಳಿಸಿತು.