ಮಾವಿನಹಣ್ಣಿನ ಬಿಪಿ

ಮೇ 12, 2025, ಸೋಮವಾರ

ಸಂಜೆ ಏಳು ಗಂಟೆ. ವಿಜಯನಗರದ ನನ್ನ ಔಷಧಿ ಅಂಗಡಿ ಮುಂದೆ ಆರೇಳು ಜನ. ಮೇಷ್ಟ್ರು ಬಂದರು. ರಾಜಾಜಿನಗರದ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಿಪಿ ಮಾತ್ರೆ ತಿಂಗಳಿಗೆ ಎರಡು ಶೀಟ್ ಒಯ್ಯುವವರು ಈ ಸಲ ಒಂದೇ ಸಾಕು ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಎಡಗೈ ಚಾಚಿ ವಾಚು ತೋರಿಸಿದರು. ಅಮೆರಿಕದಲ್ಲಿರುವ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟದ್ದಂತೆ. "ಒಂದು ತಿಂಗಳಿಂದ 122 ದಾಟಿಲ್ಲಪ್ಪ. ಅದಕ್ಕೇ ದಿನ ಬಿಟ್ಟು ದಿನ ನುಂಗ್ತಿದೀನಿ."

ಅಲ್ಲೇ ನಿಲ್ಲಿಸಿಕೊಂಡು ತೋಳಿಗೆ ಪಟ್ಟಿ ಕಟ್ಟಿದೆ. 166/98. ವಾದಕ್ಕಿಳಿದರು. ನನಗೂ ಹುರುಪು ಬಂತು. ವಾಚು ಬಿಚ್ಚಿಸಿಕೊಂಡು ಗಲ್ಲಾದ ಪಕ್ಕದಲ್ಲಿದ್ದ ಬಾದಾಮಿ ಮಾವಿನಹಣ್ಣಿಗೆ ಕಟ್ಟಿ ಗುಂಡಿ ಒತ್ತಿದೆ. ಹಸಿರು ದೀಪ ಮಿನುಗಿತು. ಹಣ್ಣಿಗೆ 118/76. ನಿಂತವರೆಲ್ಲ ಗೊಳ್ಳೆಂದರು. ಮೇಷ್ಟ್ರು ವಾಚು ಜೇಬಿಗೆ ಹಾಕಿಕೊಂಡು, ಮಾತ್ರೆ ತಗೊಳ್ಳದೆಯೇ ಹೋದರು.

ಮೇ 13, ಮಂಗಳವಾರ

ರಾತ್ರಿ ನಿದ್ದೆ ಸರಿಯಾಗಲಿಲ್ಲ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿದರೆ ಎದುರಿನ ಸೀಟಿನಲ್ಲಿ ಕೂತ ಆರು ಜನರಲ್ಲಿ ನಾಲ್ವರ ಕೈಯಲ್ಲಿ ಅಂಥದೇ ವಾಚು. ಅದೇನೂ ಪೂರ್ತಿ ಸುಳ್ಳಿನ ಯಂತ್ರವಲ್ಲ. ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತ ಉಕ್ಕಿ ಇಳಿಯುವಾಗ ಮರಳಿ ಬರುವ ಬೆಳಕಿನ ಏರಿಳಿತದಿಂದ ನಾಡಿ ಎಣಿಸುತ್ತದೆ. ಒತ್ತಡವನ್ನು ಮಾತ್ರ ಅಳೆಯುವುದಿಲ್ಲ, ಲೆಕ್ಕ ಹಾಕಿ ಊಹಿಸುತ್ತದೆ. ಕೆಲವು ದುಬಾರಿ ವಾಚುಗಳು ನಾಲ್ಕು ವಾರಕ್ಕೊಮ್ಮೆ ತೋಳುಪಟ್ಟಿಯ ಯಂತ್ರದ ಜೊತೆ ತಾಳೆ ನೋಡಿ ಎಂದು ತಾವೇ ಕೇಳುತ್ತವೆ. ಕೈಯನ್ನು ಬಿಗಿದು, ಸಡಿಲಿಸಿ ನೋಡುವ ಪಟ್ಟಿಯನ್ನು ಇಟಲಿಯ ರೀವಾ ರೋಚ್ಚಿ ಮಾಡಿದ್ದು 1896ರಲ್ಲಿ. ಇವತ್ತಿಗೂ ಬಿಪಿಗೆ ಅದೇ ಸಾಕ್ಷಿ.

ಅತ್ತಿಗುಪ್ಪೆ ದಾಟುವಾಗ ಹೊಳೆಯಿತು: ನನ್ನ 166 ಮಾತ್ರ ಯಾವ ನ್ಯಾಯದ್ದು? ನಡೆದು ಬಂದ ಮನುಷ್ಯ, ನಿಂತೇ ಇದ್ದರು, ಮಾತಾಡುತ್ತಿದ್ದರು, ಕೈ ಜೋತುಬಿದ್ದಿತ್ತು. ಕೈ ಜೋತುಬಿಟ್ಟರೆ ಮೇಲಿನ ಅಂಕಿ ಆರೇಳು ಹೆಚ್ಚಾಗಿ ಕಾಣುತ್ತದೆಂದು ಕಳೆದ ವರ್ಷವಷ್ಟೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ತೋರಿಸಿದ್ದರು. ವರ್ಷಗಟ್ಟಲೆ ಮಷೀನು ಮಾರಿದ್ದೇನೆ. ಬಿಲ್ಲು ಕೊಟ್ಟೆ, ಕವರಿಗೆ ಹಾಕಿದೆ, ಮುಗಿಯಿತು.

ಮೇ 15, ಗುರುವಾರ

ಮಧ್ಯಾಹ್ನ ಅಂಗಡಿ ಹುಡುಗನಿಗೆ ಬಿಟ್ಟು ಬಸವೇಶ್ವರನಗರದ ಮೇಷ್ಟ್ರ ಮನೆಗೆ ಹೋದೆ. ತಾರಸಿಯಲ್ಲಿ ಸಂಡಿಗೆ ಒಣಗುತ್ತಿತ್ತು. ತಪ್ಪಾಯ್ತು ಮೇಷ್ಟ್ರೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನೂ ಹುಡುಗರನ್ನ ಬೋರ್ಡಿಗೆ ಕರೆದು ಮರ್ಯಾದೆ ತೆಗೆದವನೇ ಕಣಯ್ಯ. ಅವರು ಲೆಕ್ಕ ಕಲೀಲಿಲ್ಲ, ನನಗೆ ಹೆದರೋದು ಕಲಿತರು."

ಈ ಸಲ ಕ್ರಮವಾಗಿ ಅಳೆದೆ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ ಇಲ್ಲ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕೈ ಎದೆಮಟ್ಟಕ್ಕೆ ಮೇಜಿನ ಮೇಲೆ. ಐದು ನಿಮಿಷ ಮಾತಿಲ್ಲ. ಆ ಐದು ನಿಮಿಷ ಅವರಿಗಿಂತ ನನಗೇ ಕಷ್ಟವಾಯಿತು. 152/92. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ: 150/92. ನನ್ನ ಅಂಕಿಯೂ ಅಲ್ಲ, ವಾಚಿನದೂ ಅಲ್ಲ. ಮನೆಯಲ್ಲಿ 135/85 ದಾಟಿದರೆ ಹೆಚ್ಚೇ. ಅವರೇ ಡಾಕ್ಟರಿಗೆ ಫೋನು ಮಾಡಿದರು. ಮೊದಲಿನಂತೆ ದಿನವೂ ತಗೊಳ್ಳಿ, ಒಂದು ವಾರ ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಬರೆದಿಟ್ಟು ತನ್ನಿ ಎಂದರಂತೆ.

ನಾನು ಹೊರಡುವಾಗ ಮೇಷ್ಟ್ರು ವಾಚು ಮತ್ತೆ ಕೈಗೆ ಕಟ್ಟಿಕೊಂಡರು. "ಇದರ ಅಂಕಿ ಮಗನ ಫೋನಿಗೆ ಹೋಗುತ್ತೆ. ದಿನಾ ನೋಡಿ, 'ಅಪ್ಪ, ಇವತ್ತು ನಾರ್ಮಲ್' ಅಂತಾನೆ. ಮೊದಲು ತಿಂಗಳಿಗೊಂದು ಸಲ ಫೋನು ಬರ್ತಿತ್ತು."

ನಾನು ಮಾವಿನಹಣ್ಣಿಗೆ ಕಟ್ಟಿದ್ದು ಏನನ್ನು ಎಂದು ಆಗ ತಿಳಿಯಿತು.

ಮೇ 17, ಶನಿವಾರ

ವಿಶ್ವ ರಕ್ತದೊತ್ತಡ ದಿನ. ಈ ವರ್ಷದ ಘೋಷಣೆಯಲ್ಲೂ ಮೊದಲ ಮಾತು ಸರಿಯಾಗಿ ಅಳೆಯಿರಿ ಎಂಬುದೇ. ಅಂಗಡಿಯೊಳಗೆ ಕುರ್ಚಿ, ಮೇಜು ಹಾಕಿಸಿದೆ. ಹೂವಿನಮ್ಮ ಕೂತಳು. ನಿಮಿಷವಾಗುವಷ್ಟರಲ್ಲಿ "ಇಷ್ಟ್ ಹೊತ್ತು ಸುಮ್ಕೆ ಕೂತ್ರೆ ಯಾಪಾರ ಯಾರ್ ಮಾಡ್ತಾರೆ?" ಎಂದು ಎದ್ದಳು. ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'‌ನಲ್ಲಿ ದುಡ್ಡಿಲ್ಲದೆ ನೋಡುತ್ತಾರೆ, ಮಾರಾಟ ಮುಗಿಸಿ ಹೋಗು ಎಂದೆ. ವಾಚು ಇದ್ದವರಿಗೂ ಇಲ್ಲದವರಿಗೂ ಕೊರತೆ ಒಂದೇ, ಆ ಐದು ನಿಮಿಷ.

ಮೇ 24, ಶನಿವಾರ

ಮೇಷ್ಟ್ರು ಗೆರೆ ಹಾಕಿದ ನೋಟ್‌ಬುಕ್ ತಂದಿದ್ದರು. ದಿನಾಂಕ, ಹೊತ್ತು, ಮೇಲಿನದು, ಕೆಳಗಿನದು, ಕೊನೆಗೆ ಷರಾ. 'ಟಿವಿಯಲ್ಲಿ ಚರ್ಚೆ: 158.' 'ಉಪ್ಪಿನಕಾಯಿ, ಹಪ್ಪಳ. ಒಪ್ಪಿಕೊಂಡಿದ್ದೇನೆ.' ಮೊದಲ ದಿನ ಬಿಟ್ಟು ಉಳಿದ ಆರು ದಿನದ ಸರಾಸರಿ ಕೆಂಪು ಶಾಯಿಯಲ್ಲಿ: 138/86. ಇನ್ನೂ ಇಳಿಯಬೇಕು, ಸೋಮವಾರ ಡಾಕ್ಟರಿಗೆ ತೋರಿಸುತ್ತಾರೆ.

ಮಗನಿಗೆ ಹೇಳಿದಿರಾ ಎಂದು ಕೇಳಿದೆ. ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದ್ದಾರಂತೆ. "ಷರಾ ಓದಿ ಒಂದು ಗಂಟೆ ಮಾತಾಡಿದ."

ಅಷ್ಟರಲ್ಲಿ ಕೈಯ ವಾಚು ಗುಂಯ್‌ಗುಟ್ಟಿತು. ಎಂಟು ಗಂಟೆ. ನೀರು ಕೊಡಯ್ಯ ಎಂದರು. ಎರಡು ಶೀಟ್ ಕತ್ತರಿಸಿ ಕೊಟ್ಟೆ.