ಮಿನಿಯಾಪೊಲಿಸ್ಸಿನ ಕಿಟಕಿಗಳು

ಕಲಬುರಗಿಯ ಬಿಸಿಲಿನಲ್ಲಿ ಬೆಳೆದ ನಮಗೆ ಕಿಟಕಿಯೆಂದರೆ ಗಾಳಿ ಬರುವ ದಾರಿ. ಗಾಳಿ ಬಾರದಿರಲೆಂದು ಕಿಟಕಿ ಆರಿಸುವ ಊರೂ ಉಂಟೆಂಬುದನ್ನು ಕಳೆದ ಚಳಿಗಾಲದಲ್ಲಿ ಮಗನ ಮನೆಗೆಂದು ಅಮೆರಿಕೆಯ ಮಿನಿಯಾಪೊಲಿಸ್ ನಗರಕ್ಕೆ ಹೋದಾಗಲೇ ಅರಿತೆವು.

ಮಿಸಿಸಿಪ್ಪಿ ನದಿಯ ಸೇಂಟ್ ಆಂಟನಿ ಜಲಪಾತದ ಬಲದಿಂದ ಹಿಟ್ಟಿನ ಗಿರಣಿಗಳನ್ನು ನಡೆಸಿ ಬೆಳೆದ ಊರಿದು. 1883ರ ಕಲ್ಲುಕಮಾನಿನ ರೈಲು ಸೇತುವೆಯ ಮೇಲೆ ಇಂದು ಪಾದಚಾರಿಗಳು ಓಡಾಡುತ್ತಾರೆ. ನಾವು ಹೋದ ವಾರ ಉಷ್ಣಮಾನ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿತ್ತು. ಹೆಪ್ಪುಗಟ್ಟಿದ ಸರೋವರದ ಮೇಲೆ ಜನ ನಡೆದಾಡುತ್ತಿದ್ದರು. ಪೇಟೆಯ ಕಟ್ಟಡಗಳ ನಡುವೆ ಗಾಜಿನ ಮೇಲ್ಸೇತುವೆಗಳಿರುವುದರಿಂದ ಅಲ್ಲಿ ಚಳಿಗೆ ಮೈಯೊಡ್ಡಬೇಕಾಗಿಲ್ಲ. ಮನೆಯಲ್ಲಿ ಮಾತ್ರ ಹಾಗಲ್ಲ.

ಮಗ ಕೊಂಡದ್ದು 1920ರ ಸುಮಾರಿನ ಮರದ ಮನೆ. ಒಂಟಿ ಗಾಜಿನ 14 ಕಿಟಕಿಗಳು. ಬೆಳಿಗ್ಗೆ ಅನ್ನಕ್ಕಿಟ್ಟರೆ ಅದರ ಆವಿ ಗಾಜಿನ ಒಳಮೈಗೆ ಅಂಟಿ ಹಿಮದ ಬಳ್ಳಿಯಾಗುತ್ತಿತ್ತು. ಪುಟ್ಟ ಮೊಮ್ಮಗಳಿಗೆ ಅದೊಂದು ಆಟ. ಆದರೆ ಅವಳು ಮಲಗುವ ಉತ್ತರದ ಕೋಣೆ ರಾತ್ರಿಯೆಲ್ಲ ಬೆಚ್ಚಗಾಗುತ್ತಿರಲಿಲ್ಲ, ಕೆಮ್ಮು ನಿಲ್ಲುತ್ತಿರಲಿಲ್ಲ. ಸೊಸೆಯ ನಿದ್ದೆಯೂ ಹೋಗಿತ್ತು. ಮಾರಾಟಗಾರನೊಬ್ಬ ಬಂದು ಎಲ್ಲ ಕಿಟಕಿಗಳಿಗೂ ಮೂರು ಪದರದ ಗಾಜು ಬೇಕೆಂದನು, ಇಂದೇ ರುಜು ಹಾಕಿದರೆ ರಿಯಾಯಿತಿಯೆಂದನು. ಮೊತ್ತ ಕೇಳಿ ಮಗ ಮೌನನಾದನು. ಎತ್ತು ಕೊಳ್ಳುವಾಗಲೂ ನಾವು ಇಷ್ಟು ಅವಸರ ಮಾಡಿದವರಲ್ಲ!

ಮರುದಿನ ಪೂಜೆಯ ವೇಳೆ ಊದುಬತ್ತಿಯ ಹೊಗೆ ನೆಟ್ಟಗೆ ಏಳದೆ ಬಾಗುತ್ತಿರುವುದನ್ನು ನಮ್ಮ ಮನೆಯವರು ಕಂಡರು. ಅದನ್ನೇ ಹಿಡಿದು ಎಲ್ಲ ಕಿಟಕಿಗಳನ್ನೂ ಸುತ್ತಿ ಬಂದೆವು. ಗಾಳಿಯ ಸೋರಿಕೆ ಹುಡುಕಲು ಅಲ್ಲಿನ ಪರೀಕ್ಷಕರೂ ಊದುಬತ್ತಿ ಹಿಡಿಯುವುದುಂಟೆಂದು ಆಮೇಲೆ ತಿಳಿಯಿತು. ಹೊಗೆ ಹೆಚ್ಚಾಗಿ ಅಲುಗಿದ್ದು ಗಾಜಿನ ನಡುವೆಯಲ್ಲ, ಚೌಕಟ್ಟಿನ ಅಂಚಿನಲ್ಲಿ. ಮೇಲೆ ಕೆಳಗೆ ಸರಿಯುವ ಈ ಹಳೆಯ ಕದಗಳಿಗೆ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಗೋಡೆಯೊಳಗಿನ ಟೊಳ್ಳಿನಲ್ಲಿ ಕಬ್ಬಿಣದ ಗುಂಡನ್ನು ತೂಗಬಿಟ್ಟಿರುತ್ತಾರೆ. ಬಾವಿಯ ರಾಟೆ ಬಲ್ಲ ನಮಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ಚಳಿಯ ದಾರಿ ಆ ಟೊಳ್ಳೇ. ಅದನ್ನು ತುಂಬದೆ ಹೊಸ ಕಿಟಕಿ ಕೂರಿಸಿದರೆ ಹಣ ಹೋಗಿ ಚಳಿ ಉಳಿಯುತ್ತದೆ.

ಅಲ್ಲಿನ ಹೊಸ ಕಿಟಕಿಗಳ ಮೇಲೆ ಎನ್‌ಎಫ್‌ಆರ್‌ಸಿ ಸಂಸ್ಥೆಯ ಚೀಟಿ ಇರುತ್ತದೆ. ಮಾರಾಟಗಾರನ ಮಾತಿಗಿಂತ ಅದನ್ನು ಓದುವುದೇ ಲೇಸು. ಯು-ಅಂಕಿ ಒಳಗಿನ ಶಾಖ ಹೊರಹೋಗುವ ವೇಗ, ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂಟಿ ಗಾಜಿಗೆ ಅಲ್ಲಿನ ಅಳತೆಯಲ್ಲಿ ಅದು ಸುಮಾರು 1. ಎರಡು ಗಾಜಿನ ನಡುವೆ ಆರ್ಗಾನ್ ಅನಿಲ ತುಂಬಿ, ಶಾಖವನ್ನು ಕೋಣೆಗೇ ಹಿಂದಿರುಗಿಸುವ ಬೆಳ್ಳಿಯ ಅತಿ ತೆಳು ಲೇಪ ಕೊಟ್ಟರೆ ಸುಮಾರು 0.30ಕ್ಕಿಳಿಯುತ್ತದೆ. 2023ರಲ್ಲಿ ಎನರ್ಜಿ ಸ್ಟಾರ್ ಯೋಜನೆ ಉತ್ತರದ ಶೀತ ವಲಯಕ್ಕೆ 0.22ರ ಮಿತಿ ಗೊತ್ತುಮಾಡಿತು. ಇನ್ನೊಂದು ಅಂಕಿ, ಬಿಸಿಲಿನ ಶಾಖ ಎಷ್ಟು ಒಳಬರುವುದೆಂಬುದು. ದಕ್ಷಿಣದ ಕಿಟಕಿಗೆ ಇದು ಹೆಚ್ಚಿದ್ದರೆ ಚಳಿಗಾಲದ ಸೂರ್ಯನೇ ಮನೆಯನ್ನು ಕಾಯಿಸುತ್ತಾನೆ.

ಕೊನೆಗೆ ಮಗುವಿನ ಕೋಣೆಯ ಎರಡು, ಅಡುಗೆಮನೆಯ ಒಂದು, ಕೊಳೆತುಹೋದ ಇನ್ನೊಂದು, ಹೀಗೆ 4 ಕಿಟಕಿಗಳನ್ನಷ್ಟೇ ಬದಲಿಸಲು ಮಗ ನಿಶ್ಚಯಿಸಿದನು. ಉಳಿದ ಹತ್ತಕ್ಕೆ ಸಂದು ಮುಚ್ಚಿ, ಹೊರಗೊಂದು ಗಾಜಿನ ಕದ ಸೇರಿಸಿದರೆ ಸಾಕೆಂದೆವು. ಹಳೆಯ ಬಣ್ಣವನ್ನು ತಾವೇ ಕೆರೆಯಬಾರದೆಂದು ಸೊಸೆ ಹಟಹಿಡಿದದ್ದು ಸರಿಯಾಗಿತ್ತು. ಅಲ್ಲಿ ಮನೆಗಳಿಗೆ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ವಿಷ. ಆ ಕೆಲಸಕ್ಕೆ ತರಬೇತಿ ಪಡೆದವರನ್ನೇ ಕರೆಸಿದರು.

ಹೊಸ ಕಿಟಕಿಗಳು ತಯಾರಾಗುವಷ್ಟರಲ್ಲಿ ನಾವು ಊರಿಗೆ ಮರಳಿದ್ದೆವು. ಇಲ್ಲಿ ಲೆಕ್ಕ ತಿರುವುಮುರುವು: ಬಿಸಿಲಿನ ಅಂಕಿ ಕಡಿಮೆಯಿರಬೇಕು, ಅದಕ್ಕೂ ಮೊದಲು ಹೊರಗೆ ನೆರಳಿರಬೇಕು. ಅಟ್ಟದ ಮೇಲೆ ಹೆಮ್ಮೆಯಿಂದ ಇಡಿಸಿದ್ದ ಪಶ್ಚಿಮದ ದೊಡ್ಡ ಗಾಜಿನ ಕಿಟಕಿ ಈಗ ನಮ್ಮನ್ನೇ ಅಣಕಿಸುತ್ತಿದೆ. ಅದರ ಮೇಲೆ ಶಹಾಬಾದ್ ಕಲ್ಲಿನ ಛಜ್ಜಾ ಇಳಿಸಿ, ಹೊರಗೆ ಲಾವಂಚದ ತಟ್ಟಿ ಕಟ್ಟಲು ಗೌಂಡಿಗೆ ಹೇಳಿ ಕಳಿಸಿದ್ದೇವೆ.