ಗೋಧಿಯ ನಾಡಿನಿಂದ ಶಂಷಾಬಾದಿಗೆ

ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ, ವಿಚಿಟಾ ನಗರ ಬಿಟ್ಟು ಉತ್ತರಕ್ಕೆ ಹೊರಟ ಮೇಲೆ ನೋಟಕ್ಕೆ ತಡೆಯೇ ಇಲ್ಲ. ಜೂನ್ ತಿಂಗಳು, ಗೋಧಿ ಮಾಗಿ ನಿಂತಿದೆ. ಗಾಳಿ ಬೀಸಿದರೆ ಹೊಲಕ್ಕೆ ಹೊಲವೇ ಬಾಗಿ ಏಳುತ್ತದೆ. ಆಚೆ ದಿಗಂತದಲ್ಲಿ ಬೆಳ್ಳಗೆ ಎದ್ದು ನಿಂತಿರುವುದು ಕಾಳು ತುಂಬುವ ಕಾಂಕ್ರೀಟ್ ಕಣಜಗಳು. ಇಷ್ಟು ಆಕಾಶವನ್ನು ಒಂದೇ ಸಲಕ್ಕೆ ನಾನು ಎಲ್ಲೂ ಕಂಡಿರಲಿಲ್ಲ.

ನ್ಯೂಟನ್ ದಾಟಿ ಗೆಸೆಲ್ ಎಂಬ ಪುಟ್ಟ ಊರಿಗೆ ಬಂದೆ. ಇದು ಮೆನ್ನೊನೈಟರ ಸೀಮೆ. ಹದಿನಾರನೆಯ ಶತಮಾನದಲ್ಲಿ ಮೆನ್ನೊ ಸಿಮನ್ಸ್ ಎಂಬ ಪಾದ್ರಿಯ ಹಿಂದೆ ಹೋದವರು, ಯಾರ ಮೇಲೂ ಆಯುಧ ಎತ್ತುವುದಿಲ್ಲವೆಂದು ಪಣ ತೊಟ್ಟವರು. ಆ ಒಂದು ಪಣಕ್ಕಾಗಿ ದೇಶದಿಂದ ದೇಶಕ್ಕೆ ಅಲೆದವರು. ರಷ್ಯಾದ ದಕ್ಷಿಣದ ಹುಲ್ಲುಗಾವಲನ್ನು ಉತ್ತು ಊರು ಕಟ್ಟಿಕೊಂಡಿದ್ದರು. 1870ರ ದಶಕದಲ್ಲಿ ಅಲ್ಲಿಯೂ ಸೈನ್ಯಕ್ಕೆ ಸೇರಬೇಕೆಂಬ ಕಾನೂನು ಬಂದಾಗ ಹಡಗು ಹತ್ತಿದರು. ರೈಲು ಕಂಪನಿಯೊಂದು ಕಾನ್ಸಸ್‌ನ ತನ್ನ ಭೂಮಿಯನ್ನು ಅವರಿಗೆ ಮಾರಿತು. 1874ರಲ್ಲಿ ಬಂದವರ ಪೆಟ್ಟಿಗೆಗಳಲ್ಲಿ 'ಟರ್ಕಿ ರೆಡ್' ಎಂಬ ಚಳಿಗಾಲದ ಗೋಧಿಯ ಬೀಜ ಇತ್ತು. ಆ ಬೀಜವೇ ಮುಂದೆ ಕಾನ್ಸಸ್ಸಿನ ಹೊಲಗಳನ್ನೆಲ್ಲ ಆವರಿಸಿತು.

ಗೆಸೆಲ್‌ನ ಮ್ಯೂಸಿಯಂನಲ್ಲಿ ಒಂದು ಕಲ್ಲಿನ ಮುಂದೆ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟೆ. ಸುಣ್ಣಕಲ್ಲಿನ ಉರುಳೆ, ಮೈತುಂಬ ಉದ್ದುದ್ದ ಹಲ್ಲುಗಳು. ಅದು ನಮ್ಮ ಕಣದ ರೋಣಗಲ್ಲೇ! ನಮ್ಮಲ್ಲಿ ಎತ್ತು ಎಳೆದರೆ ಅವರಲ್ಲಿ ಕುದುರೆ ಎಳೆಯುತ್ತಿತ್ತು, ಅಷ್ಟೇ ವ್ಯತ್ಯಾಸ. ಸಾಗರ ದಾಟಿದರೂ ಕಾಳು ಬಿಡಿಸುವ ಬಗೆ ಒಂದೇ ಎಂದು ಕಂಡಾಗ ಮೈ ಜುಮ್ಮೆಂದಿತು. ಒಕ್ಕುವ ಯಂತ್ರ ಬೇಗನೆ ಬಂದಿದ್ದರಿಂದ ಆ ಕಲ್ಲುಗಳಿಗೆ ಕಾನ್ಸಸ್‌ನಲ್ಲಿ ಹೆಚ್ಚು ದಿನ ಕೆಲಸವಿರಲಿಲ್ಲ. ಈಗ ಅವು ನೆನಪಿನ ಕಲ್ಲುಗಳು.

ನಾನು ಇಷ್ಟು ದೂರ ಹುಡುಕಿಕೊಂಡು ಬಂದದ್ದು ಒಬ್ಬ ವೈದ್ಯೆಯ ಬಾಲ್ಯವನ್ನು. ಕಥರೀನಾ ಶೆಲೆನ್‌ಬರ್ಗ್ ಹುಟ್ಟಿದ್ದು 1870ರಲ್ಲಿ, ದಕ್ಷಿಣ ರಷ್ಯಾದ ಒಂದು ಮೆನ್ನೊನೈಟ್ ಹಳ್ಳಿಯಲ್ಲಿ. 1879ರಲ್ಲಿ ತಂದೆ ತಾಯಿಯ ಜೊತೆ ಕಾನ್ಸಸ್‌ಗೆ ಬಂದಾಗ ಇನ್ನೂ ಒಂಬತ್ತು ತುಂಬಿರಲಿಲ್ಲ. ತಂದೆ ಅಬ್ರಹಾಂ ಬೂಲರ್ ಊರಿನ ಕಡೆಯ ಮೆನ್ನೊನೈಟ್ ಬ್ರದರನ್ ಸಭೆಯ ಹಿರಿಯರು. 1884ರಲ್ಲಿ ತಾಯಿ ತೀರಿಕೊಂಡರು. ಮನೆಯ ಹಿರಿಮಗಳು ಆಕೆ, ವಯಸ್ಸು ಹದಿಮೂರು.

ಬೂಲರ್ ಸುತ್ತಿನ ಮಣ್ಣಿನ ದಾರಿಗಳಲ್ಲಿ ಹೋಗುವಾಗ ಆ ಹದಿಮೂರರ ಹುಡುಗಿಯೇ ಮನಸ್ಸಿನಲ್ಲಿ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಎಷ್ಟೊಂದು ಬಯಲು! ಆ ಕಾಲದಲ್ಲಿ, ಇಂಥ ಒಂಟಿಮನೆಯಲ್ಲಿ ನಡುರಾತ್ರಿ ಮಗುವಿಗೆ ಜ್ವರ ಏರಿದರೆ ಯಾರನ್ನು ಕೂಗುವುದು? ಮೈ ಮುಟ್ಟಿ ನೋಡುವ, ಎಚ್ಚರವಿದ್ದು ಕಾಯುವ ವಿದ್ಯೆ ಮೊದಲು ಕಲಿಸಿದ್ದು ಹೊಲದ ಮನೆಯೇ ಇರಬೇಕು. ಕಾಲೇಜು ಬಂದದ್ದು ಆಮೇಲೆ. ಇದು ನನ್ನ ಊಹೆ. ಆ ಬಯಲಿನಲ್ಲಿ ನಿಂತಾಗ ಬೇರೆ ಏನೂ ತೋಚಲಿಲ್ಲ.

ವೈದ್ಯಶಿಕ್ಷಣ ಮುಗಿಸಿ 1907ರಲ್ಲಿ ಆಕೆ ಭಾರತಕ್ಕೆ ಹೊರಟರು. ಆಗ ಮೂವತ್ತಾರು. ಮೆನ್ನೊನೈಟ್ ಬ್ರದರನ್ ಸಭೆ ಹೊರದೇಶಕ್ಕೆ ಕಳಿಸಿದ ಮೊದಲ ವೈದ್ಯರು ಅವರೇ. ಬಂದಿಳಿದದ್ದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ. ಬೀದರ್, ಗುಲಬರ್ಗಾ, ರಾಯಚೂರುಗಳನ್ನೂ ಒಳಗೊಂಡಿದ್ದ ಸಂಸ್ಥಾನ ಅದು. ಆಕೆ ಕೆಲಸ ಮಾಡಿದ್ದು ತೆಲುಗು ಸೀಮೆಯಲ್ಲಿ. ಗಂಡು ವೈದ್ಯರ ಎದುರು ಬಾರದೆ, ಹೆರಿಗೆಯಲ್ಲೇ ಜೀವ ಬಿಡುತ್ತಿದ್ದ ಹೆಂಗಸರಿದ್ದ ಕಾಲ. ಇದೇ ಕಾರಣಕ್ಕೆ, ಮೈಸೂರಿನಲ್ಲೂ ಹೆಂಗಸರು ಮಕ್ಕಳಿಗೆಂದು ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1906ರಲ್ಲಷ್ಟೇ ತೆರೆದಿತ್ತು.

ಕಾನ್ಸಸ್‌ನಿಂದ ಮರಳಿದ ಮೇಲೆ ಹೈದರಾಬಾದಿನ ಬಳಿಯ ಶಂಷಾಬಾದಿಗೆ ಹೋದೆ. ಮಾಗಿದ ಗೋಧಿ ಕಂಡ ಕಣ್ಣಿಗೆ ಇಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂಥ ಗ್ರಾನೈಟ್ ಬಂಡೆಗಳು, ಸೀತಾಫಲದ ಪೊದೆ, ಕೆಂಪು ಮಣ್ಣು. ಹೆದ್ದಾರಿಯಲ್ಲಿ ಲಾರಿಗಳ ಸಾಲು ಕಡಿಯುವುದಿಲ್ಲ. ಆಕೆಯ ಕೊನೆಯ ವರ್ಷಗಳು ಕಳೆದದ್ದು ಇಲ್ಲಿ, ಮಿಷನ್ ಆಸ್ಪತ್ರೆಯಲ್ಲಿ. ಪ್ಲೇಗು, ಕಾಲರಾ, ಮಲೇರಿಯಾ, 1918ರ ಮಹಾ ಇನ್‌ಫ್ಲುಯೆಂಜಾ, ಎಲ್ಲವೂ ಈ ದೇಶವನ್ನು ಹಾದುಹೋದದ್ದು ಆಕೆ ಇಲ್ಲಿದ್ದಾಗಲೇ. ಪೆನಿಸಿಲಿನ್ ನಮ್ಮ ಹಳ್ಳಿಯ ರೋಗಿಗಳ ಕೈಗೆ ಬರುವ ಮುಂಚಿನ ಕಾಲವದು. ಗಾಯ ತೊಳೆಯುವುದು, ಕಟ್ಟು ಕಟ್ಟುವುದು, ಪಕ್ಕದಲ್ಲಿ ಕೂರುವುದು ಇವೇ ದೊಡ್ಡ ಮದ್ದು. ಅದನ್ನೇ ಮೂವತ್ತೇಳು ವರ್ಷ ಮಾಡುವುದೆಂದರೆ! ಮದುವೆಯಾಗಲಿಲ್ಲ. ಬಂದೂಕು ಹಿಡಿಯಲೊಲ್ಲೆವೆಂದು ನಾಡು ತೊರೆದವರ ಮಗಳು, ಎರಡು ಮಹಾಯುದ್ಧಗಳು ಜಗತ್ತನ್ನು ಸುಡುತ್ತಿದ್ದಾಗ ದಖ್ಖನ್ನಿನ ಊರುಗಳಲ್ಲಿ ರೋಗಿಗಳ ಆರೈಕೆಯಲ್ಲಿದ್ದರು.

ಮತಪ್ರಚಾರದ ಮಾತು ಬಂದರೆ, ಮಿಷನ್‌ಗೆ ಆ ಉದ್ದೇಶವೂ ಇತ್ತು, ಮುಚ್ಚಿಡುವಂಥದ್ದಲ್ಲ. ಆದರೂ ನೋವು ತಿನ್ನುತ್ತಿದ್ದ ಹೆಂಗಸಿಗೆ ಅಂದು ಸಿಕ್ಕ ಆಸರೆ ಅದರಿಂದ ಕಿರಿದಾಗುವುದಿಲ್ಲ ಎಂಬುದು ನನ್ನ ಖಚಿತ ನಂಬಿಕೆ.

ಆಕೆ ಹಾಕಿದ ದಾರಿಯಲ್ಲಿ ಮುಂದೆ ಇನ್ನಷ್ಟು ವೈದ್ಯರು ಬಂದರು. ಇದೇ ಸಭೆ 1950ರ ದಶಕದಲ್ಲಿ ಜಡಚರ್ಲದಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿತು.

ಬೆಂಗಳೂರಿನಿಂದ ಹೈದರಾಬಾದಿಗೆ ರಾತ್ರಿ ಬಸ್ಸು ಹಿಡಿಯುವ ಕನ್ನಡಿಗರು ಜಡಚರ್ಲವನ್ನೂ ಶಂಷಾಬಾದನ್ನೂ ನಿದ್ದೆಗಣ್ಣಿನಲ್ಲಿ ದಾಟುತ್ತಾರೆ. ವಿಮಾನದಲ್ಲಿ ಹೋಗುವವರು ಇಳಿಯುವುದೇ ಶಂಷಾಬಾದಿನಲ್ಲಿ. ಮುಂದಿನ ಸಲ ಅಲ್ಲಿಗೆ ಬಂದಾಗ ಡಾಕ್ಟರ್ ಕಥರೀನಾ ಶೆಲೆನ್‌ಬರ್ಗ್ ಅವರ ಹೆಸರನ್ನು ಒಮ್ಮೆ ನೆನೆಯಿರಿ, ಜೊತೆಗಿರುವ ಮಕ್ಕಳಿಗೂ ಹೇಳಿ. ಆಕೆ ತೀರಿಕೊಂಡದ್ದು ಆ ಊರಿನಲ್ಲೇ, 1945ರ ಜನವರಿ 1ರಂದು.